ತಿದ್ದಿದ ಎಳೆ

ಅಕ್ಷರ ಚೆನ್ನಾಗಿಲ್ಲ, ಮಾತುಗಳೂ ಸಾಲದೆ ಬಂದಿವೆ. ಓದುವವರು ಕ್ಷಮಿಸಬೇಕು. ಮೂರು ಸಲ ತಿದ್ದಿ ಬರೆದದ್ದು ಇಷ್ಟು.

ವಿದ್ಯಾವತಿಯವರ ತಂದೆ ಕರಬಸಪ್ಪ ಗದಗಿನಲ್ಲಿ ಮಂಚಗಳಿಗೆ ನವಾರ ಪಟ್ಟಿ ಹೆಣೆಯುತ್ತಿದ್ದರು. ಪಟ್ಟಿ ಒಮ್ಮೆ ಮೇಲೆ ಹೋದರೆ ಮರುಸಲ ಕೆಳಗೆ ಹೋಗಬೇಕು. ಎರಡು ಸಲ ಮೇಲೆ ಬಂತೋ, ಮಂಚ ಜೋಲುತ್ತದೆ. ಮಗಳು ತಪ್ಪಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ಬಿಚ್ಚಿ ಸರಿಮಾಡುತ್ತಿದ್ದರು. ಆ ಅಭ್ಯಾಸ ಮಗಳ ಕೈಗೂ ಬಂತು.

ಗಂಡ ಬಸವಂತಪ್ಪನವರ ಎಂಜಿನಿಯರ್ ಕೆಲಸದ ಹಿಂದೆ ಅಮೆರಿಕದ ಹರ್ನ್‌ಡನ್‌ಗೆ ಬಂದ ಮೇಲೆ, ಊರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ವಿದ್ಯಾವತಿಗೆ ಬಹಳ ದಿನ ಕೆಲಸವಿರಲಿಲ್ಲ. ೨೦೨೨ರಲ್ಲಿ ಒಂದು ಸಣ್ಣ ಮ್ಯೂಸಿಯಂ ಅವರನ್ನು ಕರೆಯಿತು. ಸಮುದ್ರದಾಚೆಯಿಂದ ತಂದ, ಸಾವಿರದ ಇನ್ನೂರು ವರ್ಷ ಹಳೆಯ ಕಲ್ಲಿನ ಶಿಲುಬೆಯೊಂದರ ಒಂಬತ್ತು ತುಂಡುಗಳ ಚಿತ್ರ ಬರೆಯಬೇಕಿತ್ತು. ತುಂಡುಗಳ ಮೈತುಂಬ ಹೆಣೆದ ಎಳೆಗಳ ಕೆತ್ತನೆ. ಯಾವ ತುಂಡಿನ ಎಳೆ ಯಾವುದಕ್ಕೆ ಸೇರುತ್ತದೆಂದು ಅವರ ಚಿತ್ರ ನೋಡಿಯೇ ಮೇಲ್ವಿಚಾರಕಿ ಕ್ಯಾರನ್ ತೀರ್ಮಾನಿಸಿದಳು. ಗೋಡೆಯ ಫಲಕದಲ್ಲಿ ವಿದ್ಯಾವತಿಯ ಹೆಸರು ಬಂತು. ಅಮೆರಿಕದಲ್ಲಿ ಅವರ ಹೆಸರು ಬರೆದಿದ್ದ ಗೋಡೆ ಅದೊಂದೇ.

ಈಚೆಗೆ ಅವರ ಕಣ್ಣು ಮಂಜಾಗುತ್ತಿತ್ತು, ಕಲ್ಲನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಶುಕ್ರವಾರ ಮೂರನೆಯ ತುಂಡಿನ ಮುರಿದ ಅಂಚಿನಲ್ಲಿ ಬೆರಳು ನಿಂತಿತು. ಎಳೆ ಎರಡು ಸಲ ಮೇಲೆಯೇ ಹೋಗಿತ್ತು. ಅವರು ಬರೆದ ಚಿತ್ರದಲ್ಲಿ ಕೆಳಗೆ ಹೋಗಿತ್ತು. ಕೆತ್ತಿದವನ ತಪ್ಪನ್ನು ಇವರ ಕೈ ಕೇಳದೆಯೇ ತಿದ್ದಿತ್ತು. ಕಲ್ಲಿನಲ್ಲಿರುವುದೇ ನಿಜವಾದರೆ ಮೂರನೆಯದು ನಾಲ್ಕನೆಯದಕ್ಕೆ ಸೇರುವುದೇ ಇಲ್ಲ. ಸೋಮವಾರ ಎರಡಕ್ಕೂ ರಂಧ್ರ ಕೊರೆದು ಉಕ್ಕಿನ ಸರಳು ಹಾಕಿ ಜೋಡಿಸುವವರಿದ್ದರು.

ಕ್ಯಾರನ್ ಆಗಲೇ ಮನೆಗೆ ಹೋಗಿದ್ದಳು. ವಿದ್ಯಾವತಿ ಯಾರಿಗೂ ಏನೂ ಹೇಳದೆ ತಮ್ಮ ಮನೆಗೆ ಬಂದರು.

"ಉಪ್ಪಿಟ್ಟು ಆರಿ ಕಲ್ಲಾಗೇತಿ. ಅದರ ಚಿತ್ರಾನೂ ಬರೀತೀಯೇನು?" ಎಂದರು ಬಸವಂತಪ್ಪ.

ವಿದ್ಯಾವತಿ ನಗಲಿಲ್ಲ. ನಡೆದದ್ದನ್ನು ಹೇಳಿದರು.

"ಸಾವಿರ ವರ್ಷದ ಹಿಂದಿನವನ ಪೇಪರ್ ಕರೆಕ್ಷನ್ ಮಾಡೀಯಲ್ಲ, ಟೀಚರಮ್ಮ."

"ಚಾಷ್ಟಿ ಬ್ಯಾಡ್ರಿ. ಸೋಮವಾರ ಡ್ರಿಲ್ ಮಾಡ್ತಾರ."

ಬಸವಂತಪ್ಪ ಚಮಚ ಕೆಳಗಿಟ್ಟರು. "ಹೇಳಿದರ ಉಳಿದ ಎಂಟು ಚಿತ್ರದ ಮ್ಯಾಲೂ ಸಂಶಯ ಬರತೈತಿ. ಈ ಕಣ್ಣಿಗೆ ಮತ್ತ ಯಾರು ಕೆಲಸ ಕೊಡತಾರ? ಸುಮ್ಮನಿರು. ಯಾರಿಗೆ ಗೊತ್ತಾಗತೈತಿ?"

"ಕೊರೆದ ಮ್ಯಾಲ ಬಿಚ್ಚಾಕ ಬರೂದಿಲ್ರಿ. ಅಪ್ಪನ ಮಂಚ ಅಲ್ಲ ಅದು."

ಬಸವಂತಪ್ಪ ತಟ್ಟೆ ಎತ್ತಿ ಸಿಂಕಿನಲ್ಲಿಟ್ಟರು. "ಸೋಮವಾರ ನಿನ್ನ ಮ್ಯೂಸಿಯಂಗೆ ಎಷ್ಟು ಗಂಟೆಕ್ಕ ಬಿಡಬೇಕು?" ಎಂದು ಕೇಳಿದರು.

ಶನಿವಾರ, ಭಾನುವಾರ ವಿದ್ಯಾವತಿ ಮ್ಯೂಸಿಯಂನಲ್ಲಿ ಕೂತು ಭೂತಗನ್ನಡಿ ಹಿಡಿದು ಮೂರನೆಯ ತುಂಡನ್ನು ಮತ್ತೆ ಬರೆದರು, ತಪ್ಪು ಎಳೆಯ ಸಮೇತ. ಆ ತುಂಡು ಈಗ ಯಾವುದಕ್ಕೂ ಸೇರದೆ ಒಂಟಿಯಾಗಿ ಉಳಿಯುತ್ತದೆ.

ಸೋಮವಾರ ಎಂಟು ಗಂಟೆಗೆ, ಡ್ರಿಲ್ ಬರುವ ಮೊದಲು, ಅವರು ಕ್ಯಾರನ್‌ಗೆ ಎರಡೂ ಚಿತ್ರ ತೋರಿಸಿ, ಫಲಕದಿಂದ ತಮ್ಮ ಹೆಸರು ತೆಗೆಯಲು ಹೇಳುತ್ತಾರೆ.