ಖರ್ಚಿಲ್ಲದ ಜಗಳ

ನನ್ನ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಗುಂಡಿಯಮ್ಮನ ಕೆಲಸ. ಆಕೆಗೆ ಬೇರೆ ಹೆಸರಿದೆ, ಹಾಗೆ ಕರೆಯುವವರು ಯಾರೂ ಇಲ್ಲ. ಆಕೆ ಹಚ್ಚಿದ ಗುಂಡಿ ಅಂಗಿ ಹರಿದರೂ ಬೀಳುವುದಿಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲೇ ಆಕೆಯ ಮನೆ. ಮಗ, ಸೊಸೆ, ಆಕೆ. ಒಬ್ಬರು ಮಾಡಿಟ್ಟ ಕೆಲಸವನ್ನು ಇನ್ನೊಮ್ಮೆ ಮಾಡದಿದ್ದರೆ ಆಕೆಗೆ ಸಮಾಧಾನವಿಲ್ಲ. ನಾನು ಇಸ್ತ್ರಿ ಹಾಕಿಟ್ಟ ಕಾಲರಿಗೆ ಮತ್ತೆ ಇಸ್ತ್ರಿ ಹಾಕುತ್ತಾಳೆ.

"ನಾನೇನು ಸತ್ತಿದ್ದೀನಾ?" ಎಂದು ಸಿಡುಕಿದರೆ, "ಬದುಕಿದ್ದೂ ಹಿಂಗೆ ಮಾಡಿದ್ದೀಯಲ್ಲ" ಎನ್ನುತ್ತಾಳೆ. ಇವಳಿಗೆ ಏನು ಹೇಳುವುದು!

ಆಕೆಗೆ ಎಪ್ಪತ್ತು ತುಂಬುವ ದಿನ ಗೊತ್ತಾಗದಂತೆ ಪಾರ್ಟಿ ಮಾಡಬೇಕು ಎಂದು ಹೊರಟವಳು ಸೊಸೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಹುಡುಗಿ, ಶುದ್ಧ ಬಾಯಿಸತ್ತವಳು. ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಬೇಕರಿಯಲ್ಲಿ ಅಂಚು ಮುರಿದ ಕೇಕು ಕಡಿಮೆಗೆ ಸಿಕ್ಕಿತು. ಗೋಡೆಗೆ ಕಟ್ಟಲು ನನ್ನ ಅಂಗಡಿಯ ಬಣ್ಣಬಣ್ಣದ ಬಟ್ಟೆ ಚೂರುಗಳನ್ನೇ ದಾರಕ್ಕೆ ಪೋಣಿಸಿದೆವು. ತೊಂದರೆ ಒಂದೇ. ಅಂದು ಅಂಗಡಿಗೆ ವಾರದ ರಜೆ, ರಜೆಯ ದಿನ ಗುಂಡಿಯಮ್ಮ ಹೊಸ್ತಿಲು ದಾಟುವವಳಲ್ಲ. ಸಿನಿಮಾಕ್ಕೆ ಕಳಿಸೋಣವೆಂದರೆ ಟಿಕೆಟ್ಟಿಗೆ ಕೇಕಿಗಿಂತ ಹೆಚ್ಚು.

"ಜಗಳ ಆಡು" ಎಂದ ಮಗ. ವ್ಯಾನ್ ಡ್ರೈವರ್, ಯಾವಾಗಲೂ ತಮಾಷೆ. "ಸಿಟ್ಟು ಬಂದ್ರೆ ಅಮ್ಮ ಸೀದಾ ಚಿಕ್ಕಮ್ಮನ ಮನೆಗೆ ಹೋಗ್ತಾಳೆ. ಚಿಕ್ಕಮ್ಮಂಗೆ ನಾನು ಹೇಳಿಟ್ಟಿರ್ತೀನಿ, ಸಂಜೆ ಕರ್ಕೊಂಡು ಬರ್ತಾರೆ. ಜಗಳಕ್ಕೇನು ಕಾಸು ಕೊಡ್ಬೇಕಾ?"

"ನನಗೆಲ್ಲಿ ಜಗಳ ಬರುತ್ತೆ ರೀ? ನಗು ಬಂದುಬಿಡುತ್ತೆ."

"ಬಾಯಿಗೆ ಬಂದದ್ದು ಹೇಳು, ಸಾಕು."

ಅಂದು ಬೆಳಿಗ್ಗೆ ನಾನೂ ಅವನೂ ಶಟರ್ ಎಳೆದುಕೊಂಡು ಅಂಗಡಿಯೊಳಗೆ ಬಲೂನ್ ಊದುತ್ತ ಕೂತೆವು. ಮೇಲಿನ ಅಡುಗೆಮನೆಯ ಮಾತೆಲ್ಲ ನಮ್ಮ ಹಿಂದಿನ ಕಿಟಕಿಗೆ ಕೇಳುತ್ತದೆ.

"ಅತ್ತೆ, ಆ ಪಾತ್ರೆ ನಾನು ಆಗ್ಲೇ ತೊಳೆದಿದ್ದೀನಿ." ಸೊಸೆಯ ದನಿ ನಡುಗುತ್ತಿತ್ತು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

"ಇರ್ಲಿ ಬಿಡೇ, ಒಂದು ಸಲ ಜಾಲಿಸ್ತೀನಿ."

ಆಮೇಲೆ ಬಂತು ನೋಡಿ ಮಾತು. "ತೊಳೆದಿದ್ದನ್ನ ಮತ್ತೆ ತೊಳೀತೀರಿ. ಕಲಸಿದ ಹಿಟ್ಟನ್ನ ಮತ್ತೆ ಕಲಸ್ತೀರಿ. ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚ್ತೀರಿ. ಈ ಮನೇಲಿ ನಾನು ಮಾಡಿದ್ದು ಅಂತ ಒಂದಾದ್ರೂ ಉಳಿಯುತ್ತಾ? ಒಂದೇ ಒಂದು ದಿನ ನೀವಿಲ್ದೆ ಇದ್ರೆ ನಾನು ಉಸಿರಾಡ್ತೀನಿ!"

ಮಗನ ಬಾಯಿಂದ ಬಲೂನ್ ಜಾರಿ ಪುಸ್ಸೆಂದಿತು. ನಮ್ಮ ನಗು ಆಗಲೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಗುಂಡಿಯಮ್ಮನ ಚಪ್ಪಲಿ ಸದ್ದು ಇಳಿದು ಹೋಯಿತು.

ಪಾರ್ಟಿಯೇನೋ ಚೆನ್ನಾಗಿಯೇ ಆಯಿತು. ತಂಗಿಯ ಜೊತೆ ಬಾಗಿಲಿಗೆ ಬಂದ ಗುಂಡಿಯಮ್ಮ, "ಅಯ್ಯೋ ಕಳ್ಳ ನನ್ಮಕ್ಕಳಾ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆ ಅಪ್ಪಿಕೊಂಡು, "ಎಲ್ಲಾ ನಾಟಕ ಅತ್ತೆ, ನಿಮ್ಮಾಣೆ ನಾಟಕ" ಎಂದು ಅತ್ತಳು. "ಗೊತ್ತಾಯ್ತು ಬಿಡೇ ಹುಚ್ಚಿ" ಎಂದು ಆಕೆ ಕೇಕಿನ ಮೊದಲ ತುಂಡನ್ನು ಸೊಸೆಯ ಬಾಯಿಗೇ ಇಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಆ ಗಾದೆ ಸುಳ್ಳು ಎಂದುಕೊಂಡೇ ನಾನು ಮನೆಗೆ ಹೋದೆ.

ಮಾರನೆಯ ದಿನದಿಂದ ಗುಂಡಿಯಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಕುಡಿಯಲು ನೀರು ಬೇಕಾದರೂ ಬಾಗಿಲಲ್ಲಿ ನಿಂತು, "ಒಳಗೆ ಬರ್ಲೇನಮ್ಮಾ?" ಎಂದು ಕೇಳುತ್ತಾಳಂತೆ. ಸೊಸೆ ನನ್ನ ಅಂಗಡಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

"ಬೇಕೂಂತ್ಲೇ ಪಾತ್ರೇಲಿ ಜಿಡ್ಡು ಬಿಟ್ಟಿಡ್ತೀನಿ ಅಣ್ಣಾ, ಬಂದು ಬೈದು ತೊಳೀಲಿ ಅಂತ. ನೋಡಿದ್ರೂ ನೋಡದ ಹಾಗೆ ಹೋಗ್ತಾರೆ. ನೀವಾದ್ರೂ ಏನಾದ್ರೂ ಹೇಳಿ."

ಒಂದು ಸುಳ್ಳಿನಿಂದ ಮನೆ ಸರಿಹೋಗುವುದಾದರೆ ಹೋಗಲಿ ಎಂದು, ಗುಂಡಿಯಮ್ಮ ಕಾಜಾ ಹೊಲಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

"ಅಮ್ಮಾ, ಆವತ್ತು ಆ ಹುಡುಗಿ ಆಡಿದ್ದು ಅವಳ ಮಾತಲ್ಲ. ಎಲ್ಲಾ ನಾನು ಹೇಳಿಕೊಟ್ಟಿದ್ದು."

ಆಕೆ ಕನ್ನಡಕದ ಮೇಲಿಂದ ನೋಡಿ ನಕ್ಕಳು. "ನೀನಾ ಮಾಸ್ಟ್ರೇ? ಅವಳು ಕಲಸಿದ ಹಿಟ್ಟು ನಾನು ಮತ್ತೆ ಕಲಸೋದು ನಿನಗೆ ಯಾರು ಹೇಳಿದ್ರು?"

ನಾನು ಕೊರಳಲ್ಲಿದ್ದ ಟೇಪನ್ನು ತೆಗೆದು ಸುತ್ತತೊಡಗಿದೆ.

"ಸಿಟ್ಟೇನಿಲ್ಲ ಕಣೋ. ಬೆಳಗಿಂದ ನಿಂತು ದುಡಿದು ಬರ್ತಾಳೆ, ಕೈ ಜೋಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ಪಾಪ, ಇಷ್ಟು ವರ್ಷ ಹೇಗೆ ತಡ್ಕೊಂಡ್ಲೋ. ನನಗೆ ಗೊತ್ತೇ ಆಗ್ಲಿಲ್ಲ ನೋಡು."

"ಅವಳೇ ಕರೀತಿದ್ದಾಳೆ ಅಮ್ಮಾ. ನೀವು ಒಳಗೆ ಬಂದ್ರೆ ಸಾಕು ಅಂತ ಅಳ್ತಿದ್ದಾಳೆ."

"ನನಗೂ ಆಸೆ ಇಲ್ವಾ?" ಆಕೆ ಹೊಲಿಗೆ ಬಿಟ್ಟು ನನ್ನನ್ನೇ ನೋಡಿದಳು. "ದಿನಾ ಎದ್ದು ಹೋಗ್ತೀನಿ. ಬಾಗಿಲ ಹತ್ರ ಹೋದ ತಕ್ಷಣ ಕಾಲೇ ಏಳಲ್ಲ ಕಣೋ."