ಒಂದು ಪೆಟ್ಟು ಕಡಿಮೆ

ಸಭೆಗಳಲ್ಲಿ ಚಪ್ಪಾಳೆ ತಟ್ಟುವವರನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಅವರಲ್ಲಿ ಮುಕ್ಕಾಲು ಪಾಲು ಮಂದಿ ಪಕ್ಕದವರ ಕೈ ನೋಡಿಕೊಂಡು ತಟ್ಟುವವರು. ಕಾರ್ಯಕ್ರಮ ಮುಗಿಯಿತೆಂಬುದು ಅವರಿಗೆ ಕಿವಿಯಿಂದಲ್ಲ, ಕಣ್ಣಿನಿಂದ ತಿಳಿಯುತ್ತದೆ. ಈ ಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತಾಡುವ ಹಕ್ಕು ನನಗಿದೆ. ಏಕೆಂದರೆ ಹತ್ತೊಂಬತ್ತು ನಿಮಿಷಗಳ, ನಡುವೆ ಮೂರು ಬಾರಿ ಮುಗಿದಂತೆ ನಟಿಸಿ ಮತ್ತೆ ಎದ್ದು ಕೂರುವ ಸಂಗೀತಕೃತಿಯೊಂದನ್ನು ರಚಿಸಿ ನಿರಪರಾಧಿ ಸಾರ್ವಜನಿಕರ ಮೇಲೆ ಪ್ರಯೋಗಿಸಿದವನು ನಾನು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಹಮದಾಬಾದಿನ ವಟ್ವಾದಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್; ಉಳಿದ ವೇಳೆಯಲ್ಲಿ ನಾನೊಬ್ಬನೇ ಒಂದು ರಾಕ್ ತಂಡ. ಬಿಡಿಭಾಗ ಜೋಡಿಸಿ ಕಟ್ಟಿದ ಕಂಪ್ಯೂಟರು, ಹಳೆಯ ಕೀಬೋರ್ಡು, ಒಂದು ಗಿಟಾರು. ಎಲ್ಲ ವಾದ್ಯಗಳಿಗೂ ವಾದಕ ನಾನೇ. ಹಾಗೆಂದು ತಂಡದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲವೆಂದು ಭಾವಿಸಬೇಡಿ, ಡ್ರಮ್ ಬಾರಿಸುವ ನಾನೂ ಗಿಟಾರ್ ನುಡಿಸುವ ನಾನೂ ದಿನಗಟ್ಟಲೆ ಮಾತು ಬಿಟ್ಟದ್ದುಂಟು. ಪ್ರೋಗ್ರೆಸಿವ್ ರಾಕ್ ಎಂದರೇನೆಂದು ಹಾಸನದಿಂದ ಅಮ್ಮ ಫೋನಿನಲ್ಲಿ ಕೇಳಿದಾಗ, ಹಾಡು ಶುರುವಾಗಿ ಆರು ನಿಮಿಷ ಕಳೆದರೂ ಯಾರೂ ಬಾಯಿ ತೆರೆಯದಿರುವುದು ಎಂದು ವಿವರಿಸಿದೆ. ಹಾಗಾದರೆ ಗಂಟಲು ಕೆಡುವ ಭಯವಿಲ್ಲ ಎಂದು ಅಮ್ಮ ಸಮಾಧಾನಪಟ್ಟಳು.

ಕೃತಿಯ ಬೀಜ ಸಿಕ್ಕಿದ್ದು ಸೂರತ್ತಿನಲ್ಲಿ. ನಮ್ಮ ನೀಲಿ ಅವರ ಸೀರೆಯ ಮೇಲೆ ಹಸಿರಾಗುತ್ತಿದೆಯೆಂಬ ದೂರಿನ ಮೇಲೆ ನನ್ನನ್ನು ಪಾಂಡೇಸರಾದ ಮಿಲ್ಲೊಂದಕ್ಕೆ ಅಟ್ಟಿದ್ದರು. ಅಲ್ಲಿ ಬಟ್ಟೆಗೆ ಅಚ್ಚೊತ್ತುವ ಮುದಿ ಯಂತ್ರವೊಂದು ಆರು ಪೆಟ್ಟು ಹೊಡೆದು ಏಳನೆಯದಕ್ಕೆ ದೊಡ್ಡ ನಿಟ್ಟುಸಿರು ಬಿಡುತ್ತಿತ್ತು. ನಾನು ಹಸಿರನ್ನೂ ನೀಲಿಯನ್ನೂ ಮರೆತು, ಜೇಬಿನ ಟೇಪ್‌ರೆಕಾರ್ಡರನ್ನು ಯಂತ್ರದ ಬಾಯಿಗೆ ಹಿಡಿದು ನಿಂತುಬಿಟ್ಟೆ. ಮಿಲ್ಲಿನ ಮೇಲ್ವಿಚಾರಕರು ನನ್ನನ್ನು ಯಾವುದೋ ಸರ್ಕಾರಿ ತಪಾಸಣಾಧಿಕಾರಿಯೆಂದು ಭ್ರಮಿಸಿ ಚಹಾ ತರಿಸಿದರು, ಬಿಸಿ ತಿಂಡಿ ತರಿಸಿದರು, ಕೊನೆಗೆ ತಪ್ಪು ನೀರಿನದೇ ಇರಬೇಕು, ಬಣ್ಣದ್ದಲ್ಲ ಎಂದು ತಾವಾಗಿಯೇ ಒಪ್ಪಿಕೊಂಡರು.

ಆ ಏಳು ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅಂಟಿಸಿ, ಮೇಲೆ ಗಿಟಾರು ಹೊದಿಸಿ ಕೃತಿ ಸಿದ್ಧವಾಗಲು ಎರಡು ವರ್ಷ ಹಿಡಿಯಿತು. ಮೊದಲ ಪ್ರಯೋಗ ನಾನು ವಾಸವಿದ್ದ ಹೌಸಿಂಗ್ ಸೊಸೈಟಿಯ ನವರಾತ್ರಿಯಲ್ಲಿ. ದಾಂಡಿಯಾ ಕೋಲಾಟದವರಿಗೆ ಸಮಸಂಖ್ಯೆಯ ಲಯ ರಕ್ತಗತವೆಂಬ ಸಣ್ಣ ಸಂಗತಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಏಳನೆಯ ಪೆಟ್ಟಿಗೆ ಕೋಲಿನ ಎದುರು ಕೋಲಿರಲಿಲ್ಲ, ಬೆರಳಿತ್ತು. ಸೊಸೈಟಿಯ ಕಾರ್ಯದರ್ಶಿಗಳು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ ಬಂದು, ಅತ್ಯಂತ ಸೌಜನ್ಯದಿಂದ, "ಭಾಯ್, ತಮಾರುಂ ಮಶೀನ್ ಬಗಡೀ ಗಯುಂ ಛೇ" ಎಂದರು. ಕೆಟ್ಟಿರುವುದು ಮಶೀನಲ್ಲ, ಅದು ನನ್ನ ಕಲೆ ಎಂದು ಹೇಳುವಷ್ಟು ಗುಜರಾತಿ ನನಗೆ ಬರುತ್ತಿರಲಿಲ್ಲ. ಮರುದಿನದಿಂದ ನನ್ನನ್ನು ಪ್ರಸಾದ ಹಂಚುವ ವಿಭಾಗಕ್ಕೆ ವರ್ಗಾಯಿಸಲಾಯಿತು.

ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆಗ ನೋವಾಗಿತ್ತು. ಎರಡು ವರ್ಷ ಕಟ್ಟಿದ್ದನ್ನು ಒಬ್ಬರೂ ಕೊನೆಯವರೆಗೆ ಕೇಳಿರಲಿಲ್ಲ. ವಡೋದರಾದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದಾಗ ಮನಸ್ಸಿನಲ್ಲೇ ಒಂದು ಪ್ರತಿಜ್ಞೆ ಮಾಡಿದೆ: ಅಲ್ಲಿ ಒಬ್ಬರಾದರೂ ಪೂರ್ತಿ ಕೇಳಿದರೆ ಸರಿ, ಇಲ್ಲದಿದ್ದರೆ ಕೀಬೋರ್ಡನ್ನು ಯಾರಿಗಾದರೂ ಕೊಟ್ಟುಬಿಟ್ಟು, ನೀಲಿ ನೀಲಿಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು.

ಆಮಂತ್ರಣಪತ್ರಿಕೆಯಲ್ಲಿ ನನ್ನ ಕಲೆಗೆ ‘ಕಂಪ್ಯೂಟರ್ ವಾದನ’ ಎಂದು ನಾಮಕರಣವಾಗಿತ್ತು. ಸ್ಥಾನ, ಮಕ್ಕಳ ವೇಷಭೂಷಣ ಸ್ಪರ್ಧೆಗೂ ಊಟಕ್ಕೂ ನಡುವೆ. ಮೊದಲ ನಾಲ್ಕು ನಿಮಿಷ ಸಭಿಕರೆಲ್ಲ ಇದನ್ನು ಮೈಕಿನ ಪರೀಕ್ಷೆಯೆಂದೇ ತಿಳಿದು ಹರಟೆಯಲ್ಲಿದ್ದರು. ಸಂಘದ ಕಾರ್ಯದರ್ಶಿ, ಧಾರವಾಡದ ದೇಶಪಾಂಡೆಯವರು, ವೇದಿಕೆ ಹತ್ತಿ ಬಂದು ನನ್ನ ಕಿವಿಯಲ್ಲಿ, "ಟೆಸ್ಟಿಂಗ್ ಸಾಕ್ರೀ, ಇನ್ನ ಶುರು ಮಾಡ್ರಿ" ಎಂದರು. ಮೊದಲ ಹುಸಿಮುಕ್ತಾಯಕ್ಕೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಮನಸಾರೆ ಚಪ್ಪಾಳೆ ತಟ್ಟಿ ಎದ್ದರು. ಬಿಸಿಬೇಳೆಬಾತಿನ ಪರಿಮಳದೆದುರು ಯಾವ ಕಲೆ ನಿಂತೀತು? ಎರಡನೆಯದಕ್ಕೆ ಅರ್ಧ ಸಭೆ ಖಾಲಿ. ಮೂರನೆಯದರ ಹೊತ್ತಿಗೆ ಉಳಿದವರೆಂದರೆ ಕಾಗದದ ಕಿರೀಟ ತೊಟ್ಟು ಗುಜರಾತಿಯಲ್ಲಿ ಜಗಳವಾಡುತ್ತಿದ್ದ ನಾಲ್ಕೈದು ರಾಜರಾಣಿಯರು. ಮತ್ತು ಎರಡನೆಯ ಸಾಲಿನಲ್ಲಿ, ಕಣ್ಣು ಮುಚ್ಚಿ ತೊಡೆಯ ಮೇಲೆ ಅಂಗೈ ಬಡಿಯುತ್ತಿದ್ದ ಸುಶೀಲಮ್ಮನವರು.

ಮೈಸೂರಿನ ಸುಶೀಲಮ್ಮನವರು ಅಲ್ಲಿನ ಕನ್ನಡದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವರು, ಅರವತ್ತು ದಾಟಿದವರು. ಹತ್ತೊಂಬತ್ತನೆಯ ನಿಮಿಷ ಮುಗಿದ ಮೇಲೆ ಅವರು ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದರು.

"ಏಳರ ತಾಳ, ಮಿಶ್ರ ಛಾಪು, ಚೆನ್ನಾಗೇ ಹಿಡಿದಿದೀಯ ಕಣಪ್ಪ. ಆದ್ರೆ ಮೂರನೇ ಸಲ ನಿಲ್ಲಿಸೋ ಮುಂಚೆ ಒಂದು ಪೆಟ್ಟು ಕಡಿಮೆ ಬಿತ್ತಲ್ಲ, ಅದು ಬೇಕೂಂತ ಮಾಡಿದ್ದಾ?"

ಸಾವಿರ ಸಲ ಕೇಳಿದ್ದ ನನಗೆ ಅದು ಕೇಳಿಸಿರಲೇ ಇಲ್ಲ. ಕತ್ತರಿಸಿ ಅಂಟಿಸುವಾಗ ಸೂರತ್ತಿನ ಒಂದು ನಿಟ್ಟುಸಿರನ್ನು ನಾನೇ ನುಂಗಿಹಾಕಿದ್ದೆ. ಸತ್ಯ ಹೇಳಲು ಅದು ಪ್ರಶಸ್ತ ಗಳಿಗೆ. ಬೇಕೆಂದೇ ಮಾಡಿದ್ದೆಂದು ನಾನು ಘನಗಂಭೀರವಾಗಿ ಸುಳ್ಳು ಹೇಳಿದೆ. ಹಾಗಿದ್ದರೆ ಇನ್ನೆರಡು ಕಡೆ ಮಾಡಿ ತೋರಿಸು, ಆಮೇಲೆ ನಂಬುತ್ತೇನೆ ಎಂದು ಅವರು ಊಟಕ್ಕೆ ಎದ್ದರು.

ತಪ್ಪನ್ನು ತಿದ್ದಲು ಅರ್ಧ ಗಂಟೆ ಸಾಕಿತ್ತು. ಅದೇ ತಪ್ಪನ್ನು ಇನ್ನೆರಡು ಬಾರಿ ಸರಿಯಾಗಿ ಮಾಡಲು ಮೂರು ತಿಂಗಳು ಬೇಕಾಯಿತು. ಒಂದು ಪೆಟ್ಟು ತೆಗೆದರೆ ಗಿಟಾರು ಮುಗ್ಗರಿಸುತ್ತಿತ್ತು, ಗಿಟಾರನ್ನು ಎಬ್ಬಿಸಿದರೆ ಕೀಬೋರ್ಡಿನಲ್ಲಿ ನುಡಿಸಿದ್ದ ಪಿಟೀಲಿನ ಸ್ವರ ಮಕಾಡೆ ಬೀಳುತ್ತಿತ್ತು. ನಾವೆಲ್ಲ, ಅಂದರೆ ನಾನು, ಜಗಳವಾಡಿ ಜಗಳವಾಡಿ ಕೊನೆಗೆ ರಾಜಿಯಾದೆವು. ಆ ಮೂರು ತಿಂಗಳಿನಷ್ಟು ಸುಖವಾಗಿ ನಾನು ಅದಕ್ಕೆ ಮುಂಚೆ ಎಂದೂ ಕೆಲಸ ಮಾಡಿರಲಿಲ್ಲ, ಏಕೆಂದರೆ ಯಾರ ಕಿವಿಗೆ ಮಾಡುತ್ತಿದ್ದೇನೆಂದು ಮೊದಲ ಬಾರಿಗೆ ಗೊತ್ತಿತ್ತು.

ಸಿ.ಡಿ. ಹಿಡಿದು ವಡೋದರಾದ ಅವರ ಮನೆಗೆ ಹೋದೆ. ಸುಶೀಲಮ್ಮನವರು ಕಾಫಿಯ ಲೋಟ ಬದಿಗಿಟ್ಟು, ಕಣ್ಣು ಮುಚ್ಚಿ, ಅಂಗೈಯನ್ನು ತೊಡೆಗೆ ತಂದರು. ಮೊದಲ ನಿಲುಗಡೆಯ ಹತ್ತಿರ ಅವರ ಕೈ ಇಲ್ಲದ ಪೆಟ್ಟಿನ ಮೇಲೆ ಬಿತ್ತು. ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ಎರಡನೆಯದರಲ್ಲಿ ಕೈ ಅನುಮಾನಿಸಿತು. ಮೂರನೆಯದರಲ್ಲಿ ಅದು ಒಂದು ಪೆಟ್ಟು ಬಿಟ್ಟು, ನನ್ನ ಜೊತೆಗೇ ಇಳಿಯಿತು.

ಮುಗಿದ ಮೇಲೆ ಅವರು ಚಪ್ಪಾಳೆ ತಟ್ಟಲಿಲ್ಲ. ಕೈ ತೊಡೆಯ ಮೇಲೆ ಹಾಗೆಯೇ ಇತ್ತು.

"ಅವತ್ತು ನೀನು ಸುಳ್ಳು ಹೇಳಿದ್ದು ನಂಗೆ ಗೊತ್ತಿತ್ತು. ಈಗ ಅದು ಸುಳ್ಳಲ್ಲ. ಎಲ್ಲಿ, ಮೊದಲಿಂದ ಹಾಕು."