ಸ್ಕ್ಯಾನ್ ಕೋಣೆಯ ವನಜಕ್ಕ

ವನಜಾ ಹೆಗಲಡಿಗೆ ಇಡುವ ಟವೆಲ್ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಾರೆ. ದಪ್ಪವಾದರೆ ಮಲಗಿದವರ ಹೆಗಲು ನೋಯುತ್ತದೆ, ತೆಳುವಾದರೆ ಕೊರಳು ಹಿಂದಕ್ಕೆ ಬಾಗುವುದಿಲ್ಲ. ನಾರಾಯಣಗೂಡದ ಆಸ್ಪತ್ರೆಯ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಚಿಂಗ್ ಕ್ಲಾಸಿಗೆ ಹೊರಟವರು ಚಹಾದಂಗಡಿಯ ಮುಂದೆ ಆಕಳಿಸುತ್ತಿದ್ದಾರೆ. ಒಳಗೆ ಸ್ಕ್ಯಾನಿಗೆ ಹಚ್ಚುವ ಜೆಲ್ ಬಾಟಲಿ ಬಿಸಿನೀರಿನ ಮಗ್ಗಿನಲ್ಲಿ ನಿಂತಿದೆ.

"ತಣ್ಣಂದು ಕುತ್ತಿಗಿಗಿ ಹತ್ತಿದ ಕೂಡ್ಲೆ ಬೆಚ್ಚಿ ಬೀಳ್ತಾರ್ರಿ. ಮೊದ್ಲ ಹೆದರಿರ್ತಾರ" ಎನ್ನುತ್ತಾರೆ.

ವನಜಾ ಈ ಕೋಣೆಯ ಆಯಾ. ರಾಯಚೂರು ಕಡೆಯಿಂದ ಈ ತೆಲುಗು ನಗರಕ್ಕೆ ಬಂದವರು. ಗಂಡ ರಾಮದಾಸ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಕೈಗೆ ಪೆಟ್ಟಾಗಿ ಅವರು ಮನೆಯಲ್ಲಿ ಕೂತಾಗ ಇವರು ಇಲ್ಲಿ ಕಸ ಗುಡಿಸಲು ಸೇರಿದರು. ನೆಲ ಒರೆಸುತ್ತ, ಬಾಗಿಲು ಕಾಯುತ್ತ, ಕೊನೆಗೆ ಮಂಚದ ಪಕ್ಕಕ್ಕೆ ಬಂದು ನಿಂತರು. ದಿನಕ್ಕೆ ಮೂವತ್ತರಷ್ಟು ಜನ ಬರುತ್ತಾರೆ, ಹೆಚ್ಚಿನವರು ಹೆಂಗಸರು.

ಥೈರಾಯ್ಡ್‌ನಲ್ಲಿ ಗಂಟು ಕಂಡವರಿಗೆ ಡಾಕ್ಟರ್ ವರ್ಷಾ ಇಲಾಸ್ಟೋಗ್ರಫಿಯನ್ನೂ ಮಾಡುತ್ತಾರೆ. ಗಂಟು ಗಟ್ಟಿಯೋ ಮೆತ್ತಗೋ ಎಂಬುದನ್ನು ಪರದೆಯ ಮೇಲೆ ಬಣ್ಣಗಳಲ್ಲಿ ತೋರಿಸುವ ಸ್ಕ್ಯಾನ್ ಅದು. ವನಜಾ ಅದನ್ನು ಹೇಳುವ ಬಗೆ ಬೇರೆ: "ಮಾವಿನಹಣ್ಣು ಕೊಳ್ಳಾಗ ಒತ್ತಿ ನೋಡ್ತೀವಲ್ರೀ, ಹಂಗ."

ಆ ಕೆಲವು ಕ್ಷಣ ಮಲಗಿದವರು ಉಗುಳು ನುಂಗಬಾರದು, ನುಂಗಿದರೆ ಚಿತ್ರ ಕೆಡುತ್ತದೆ. ನುಂಗಬೇಡಿ ಎಂದಷ್ಟೂ ಗಂಟಲು ಆಡುತ್ತದೆ. ಅದಕ್ಕೇ ವನಜಾ ಆ ಮಾತನ್ನೇ ಎತ್ತುವುದಿಲ್ಲ. "ಬಾಯಿ ಚೂರು ತೆರೀರಿ, ನಾಲಿಗಿ ತುದಿ ಹಲ್ಲಾಗ ಹಿಡೀರಿ" ಎಂದು ಅವರ ಪಾದದ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ.

ಇಂದು ಮೊದಲು ಮಲಗಿದವರು ಸನತ್‌ನಗರದಲ್ಲಿರುವ ಕನ್ನಡತಿ ನಳಿನಿ (ನಿಜ ಹೆಸರು ಬೇರೆ). ಒಬ್ಬರೇ ಬಂದಿದ್ದಾರೆ. ಸ್ಕ್ಯಾನ್ ಮುಗಿಸಿ ಡಾಕ್ಟರ್ ತೆಲುಗಿನಲ್ಲಿ ಹೇಳುತ್ತಾರೆ, ವನಜಾ ಕನ್ನಡ ಮಾಡುತ್ತಾರೆ: "ಗಂಟು ಗಟ್ಟಿ ಐತಂತ್ರಿ. ಗಟ್ಟಿ ಇದ್ದದ್ದೆಲ್ಲ ಕೆಟ್ಟದ್ದಲ್ಲ. ಆದ್ರ ಸೂಜಿ ಹಾಕಿ ಪರೀಕ್ಷಾ ಮಾಡಬೇಕು, ತಡ ಮಾಡಬಾರ್ದು. ಯಾವತ್ತು ಮುಂಜಾನಿ ಬಂದ್ರೂ ನಡೀತೈತಿ."

"ಮಗಳ ಎಂಗೇಜ್‌ಮೆಂಟ್ ಮುಗೀಲಿ" ಎನ್ನುತ್ತಾರೆ ನಳಿನಿ. ಕೊರಳಿನ ಜೆಲ್ ಒರೆಸಿಕೊಳ್ಳುತ್ತ ದನಿ ತಗ್ಗಿಸುತ್ತಾರೆ. "ಬೀಗರಿಗೆ ಗೊತ್ತಾದ್ರ, ತಾಯಿಗೆ ಐತಿ, ಮಗಳಿಗೂ ಬರ್ತೈತೇನು ಅಂತಾರ. ಮನಿಯವರಿಗೂ ಹೇಳಿಲ್ಲ ನಾ. ಕುತ್ತಿಗಿಗಿ ಪಟ್ಟಿ ಹಚಗೊಂಡು ಹೋದ್ರ ಮುಚ್ಚಿಡೂದು ಹ್ಯಾಂಗ?"

"ಸೊಳ್ಳಿ ಕಡದಷ್ಟ ಗುರ್ತು ಆಗ್ತೈತ್ರಿ. ಸೆರಗು ಯಾಕೈತಿ ಮತ್ತ?"

ನಳಿನಿ ಒಲ್ಲೆ ಎಂದು ತಲೆಯಾಡಿಸುತ್ತಾರೆ. "ಒಂದ್ ತಿಂಗಳು ಬಿಡ್ರಿ ಅಕ್ಕಾ. ಗುರುವಾರ ಸುಲ್ತಾನ್ ಬಜಾರಕ್ಕ ಸೀರಿಗಿ ಹೋಗೋದೈತಿ. ಮಗಳು ಆಫೀಸು ಬಿಟ್ಟು ಬರಂಗಿಲ್ಲ, ಎಲ್ಲಾ ನನ್ನ ತಲಿಮ್ಯಾಲ."

"ಒಬ್ರ ಹೋಗ್ತೀರೇನು? ಅಂಗಡ್ಯಾವ ನಿಮ್ಮ ಮೊಖ ನೋಡೇ ರೇಟ್ ಏರಸ್ತಾನ. ನಾ ಬರ್ತೀನಿ. ಬಾಯಿ ಮಾಡೂದ್ರಾಗ ನನ್ನ ಯಾರೂ ಸೋಲ್ಸಿಲ್ಲ, ನಮ್ಮ ರಾಮದಾಸರನ್ನ ಕೇಳ್ರಿ."

ಬಂದಾಗಿನಿಂದ ಮೊದಲ ಸಲ ನಳಿನಿ ನಗುತ್ತಾರೆ. ಗುರುವಾರ ಮುಂಜಾನೆ ಸನತ್‌ನಗರದ ಬಸ್‌ಸ್ಟಾಪಿನಲ್ಲಿ ಸೇರುವುದೆಂದು ಮಾತಾಗುತ್ತದೆ.

ಅವರು ಹೋದ ಮೇಲೆ ವನಜಾ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾರೆ. ಮುಂದಿನ ವಾರ ಎಂದವರು, ಹಬ್ಬ ಮುಗಿಯಲಿ ಎಂದವರು ಎಷ್ಟೋ ಮಂದಿ ಈ ಬಾಗಿಲಿನಿಂದ ಹೋಗಿದ್ದಾರೆ. ಎಲ್ಲರೂ ತಿರುಗಿ ಬಂದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದರೆ, "ಬರ್ತೀನಿ ಅಂದವ್ರು ಬರ್ಬೇಕ್ರಿ, ಅಷ್ಟ" ಎಂದು ಮಂಚದ ಹಾಸು ಬದಲಿಸುತ್ತಾರೆ.

ಮಧ್ಯಾಹ್ನ ಗುರುವಾರದ ರಜೆ ಕೇಳಿದಾಗ ಕೌಂಟರಿನ ದಿನೇಶ ಏನಿದು ಎಂಬಂತೆ ಹುಬ್ಬು ಹಾರಿಸಿ ತೆಲುಗಿನಲ್ಲಿ ಕೇಳುತ್ತಾನೆ. "ಏಂಟಿ ವನಜಮ್ಮಾ, ಶಾಪಿಂಗಾ?"

"ಹೌದು, ಶಾಪಿಂಗ್" ಎನ್ನುತ್ತಾರೆ ಅವರು. ಮನಸ್ಸಿನ ಲೆಕ್ಕ ಬೇರೆ. ಗುರುವಾರ ಬಜಾರಕ್ಕೆ ಮೊದಲು ಈ ಆಸ್ಪತ್ರೆಯ ಎದುರು ಇಳಿಯಬೇಕು, ನಳಿನಿಯ ಕೈ ಹಿಡಿದು ಸೂಜಿ ಪರೀಕ್ಷೆಗೆ ಬರುತ್ತೀರಾ ಎಂದು ಇನ್ನೊಮ್ಮೆ ಕೇಳಬೇಕು. ಒಲ್ಲೆ ಎಂದರೆ ಒತ್ತಾಯವಿಲ್ಲ, ಸುಮ್ಮನೆ ಸೀರೆ ಕೊಳ್ಳುವುದು. ಆಮೇಲೆ ಕುಪ್ಪಸದ ಬಟ್ಟೆ ಇದೆ, ಬಳೆ ಇದೆ, ಬೀಗರಿಗೆ ಉಡುಗೊರೆ ಇದೆ. ಅವಕ್ಕೂ ತಾವೇ ಜೊತೆಗೆ ಹೋಗುವುದು. ಪ್ರತಿ ಸಲವೂ ಇಲ್ಲಿ ಇಳಿದು ಕೇಳುವುದು.